ಹೆಸರು ಗೊತ್ತಿಲ್ಲದ ಆ ಮೇಡಂಗೆ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಲೈಬ್ರರಿಯಲ್ಲಿ ಆ ಸಂಜೆ ನನ್ನ ಪಕ್ಕ ಕೂತಿದ್ದ ಮೇಡಂ, ನಿಮಗೆ ತುಂಬಾ ಧನ್ಯವಾದ. ಶಸ್ತ್ರಚಿಕಿತ್ಸೆ ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್ (ಸಂಶೋಧನೆಯ ಸಾರಾಂಶ) ಕಳಿಸಲು ಅದೇ ಕೊನೆಯ ದಿನ. ಮಿತಿ 250 ಪದ, ನನ್ನದು 410 ಇತ್ತು. ಪ್ಲಾಸ್ಟಿಕ್ ತಿಂದ ಹಸುಗಳ ಹೊಟ್ಟೆ ಆಪರೇಷನ್ ಬಗ್ಗೆ ಬರೆದಿದ್ದೆ. ಅರ್ಧ ಬರೀ ಪೀಠಿಕೆ. ನೀವು ಅದನ್ನು ಪೂರ್ತಿ ಹೊಡೆದು ಹಾಕಿದಿರಿ. "ಹಸು ಪ್ಲಾಸ್ಟಿಕ್ ತಿನ್ನುತ್ತೆ ಅಂತ ಅವರಿಗೆ ಗೊತ್ತಿದೆ ಅಲ್ವಾ? ನೀನು ಏನು ಮಾಡಿದೆ ಹೇಳಮ್ಮ" ಅಂದಿರಿ. ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಕೊಟ್ಟು, ಹಸು ನಿಂತಿರುವಾಗಲೇ ಎಡ ಪಕ್ಕೆ ಕೊಯ್ದದ್ದು, ಎಷ್ಟು ದಿನಕ್ಕೆ ಮೆಲುಕು ಶುರುವಾಯಿತು ಅನ್ನುವುದು ಆಗ ಮುಂದೆ ಬಂತು. "ಶೇ 83.33" ಅಂತ ಇದ್ದದ್ದು "6 ಹಸುಗಳಲ್ಲಿ 5" ಆಯಿತು.

ಅಬ್‌ಸ್ಟ್ರಾಕ್ಟ್ ಒಪ್ಪಿಗೆಯಾಗಿದೆ, ಮೇಡಂ. ಆ ದಿನ ನಿಮ್ಮ ಹೆಸರು ಕೇಳಲಿಲ್ಲವಲ್ಲ ಅಂತ ಈಗಲೂ ಬೇಜಾರಾಗುತ್ತದೆ.