ಮುಚ್ಚಿದ ಬಾಗಿಲ ವಿಚಾರಣೆ ಮತ್ತು ನಿಮ್ಮ ಚಿತ್ರಕಥೆ

ಸಾಗರ

ಪ್ರಿಯ ತರುಣ ಮಿತ್ರರೇ,

ನಮ್ಮ ಜಿಲ್ಲೆಯಲ್ಲಿ ನಡೆದ ಅತ್ಯಾಚಾರ ಪ್ರಕರಣವೊಂದರ ವಿಚಾರಣೆಯನ್ನು ಆಧರಿಸಿ ನೀವು ಬರೆದಿರುವ ಧಾರಾವಾಹಿಯ ಮೊದಲ ಕಂತುಗಳನ್ನು ಓದಿದೆ. ಸಂಭಾಷಣೆ ಬರೆಯುವ ಶಕ್ತಿ ನಿಮಗಿದೆ. ನೊಂದ ಹೆಣ್ಣುಮಗಳ ಪರವಾಗಿ ನಿಮಗಿರುವ ಸಿಟ್ಟೂ ನಿಜವಾದದ್ದು. ಆದರೆ ಇದನ್ನು ತೆರೆಯ ಮೇಲೆ ನೋಡಿದ ಊರಿನವರು ಆಕೆ ಯಾರೆಂದು ಗುರುತು ಹಿಡಿದರೆ, ನಿಮ್ಮ ಸಿಟ್ಟಿನಿಂದ ಆಕೆಗೆ ಆಗುವ ಉಪಕಾರವೇನು?

ಹೆಸರು ಬದಲಿಸಿದ್ದೇನೆ ಎಂದು ಬರೆದಿದ್ದೀರಿ. ಅದು ಸಾಲದು. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು 1983ರಿಂದಲೂ ಅಪರಾಧ; ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅದಕ್ಕೆ ಎರಡು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಹೆಸರಷ್ಟೇ ಅಲ್ಲ, ಗುರುತು ಬಯಲಾಗಲು ಕಾರಣವಾಗಬಲ್ಲ ಯಾವ ಸಂಗತಿಯನ್ನೂ ಹೊರಗೆಡಹಬಾರದೆಂದು 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿತು. ಮಲೆನಾಡಿನಲ್ಲಿ ಈ ಮಾತಿನ ತೂಕ ಹೆಚ್ಚು. ಇಲ್ಲಿ ಮನೆಗಳು ದೂರ ದೂರ, ಸುದ್ದಿ ಮಾತ್ರ ಬಹಳ ಹತ್ತಿರ. ತೋಟದ ಅಂಚಿನ ಮನೆ, ಹಿನ್ನೀರು ದಾಟಿಸುವ ಲಾಂಚು, ಕಾಲೇಜಿಗೆ ಹೋಗಲು ಇರುವ ಒಂದೇ ಬಸ್ಸು, ತಂದೆಯ ಕಸುಬು, ಘಟನೆ ನಡೆದದ್ದು ಅಡಿಕೆ ಕೊಯ್ಲಿನಲ್ಲೋ ಮಳೆಗಾಲದಲ್ಲೋ ಎಂಬ ಸುಳಿವು, ಇವುಗಳಲ್ಲಿ ಎರಡು ಮೂರು ಕೂಡಿದರೆ ಸಾಕು, ತಾಲ್ಲೂಕಿನ ಯಾರೂ ಹೆಸರು ಕೇಳುವ ಅಗತ್ಯ ಬೀಳುವುದಿಲ್ಲ. ಹಾಗಾಗಿ ಊರು, ಕುಟುಂಬ, ದಾರಿ, ಋತು ಎಲ್ಲವನ್ನೂ ಬದಲಿಸಿ. ಮಣ್ಣಿನ ವಾಸನೆ ಹೋಗಿಬಿಡುತ್ತದೆ ಎಂದು ನೀವು ವಾದಿಸಬಹುದು. ನಿಮಗೆ ಅಷ್ಟೇ ಚೆನ್ನಾಗಿ ಗೊತ್ತಿರುವ ಬೇರೊಂದು ಊರಿನ ಮಣ್ಣಿದ್ದರೆ ಅಲ್ಲಿಗೆ ಕಥೆಯನ್ನು ಒಯ್ಯಿರಿ.

ಸಾಕ್ಷಿ ಹೇಳಿಕೆಗಳ ಪ್ರತಿ ಪರಿಚಯದವರೊಬ್ಬರಿಂದ ಸಿಕ್ಕಿತೆಂಬ ನಿಮ್ಮ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಕ್ಕೀಡುಮಾಡಿತು. ಇಂಥ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಹೈಕೋರ್ಟು ಮತ್ತು ಸುಪ್ರೀಂ ಕೋರ್ಟುಗಳ ತೀರ್ಪನ್ನು ಪ್ರಕಟಿಸುವುದು ಅಪರಾಧವಲ್ಲ. ಆದರೆ ನ್ಯಾಯಾಲಯದ ಅನುಮತಿಯಿಲ್ಲದೆ ವಿಚಾರಣೆಯ ಕಲಾಪವನ್ನು ಪ್ರಕಟಿಸುವುದು 73ನೇ ಕಲಮಿನಡಿ ಅಪರಾಧ. ಕಾನೂನಿನ ಭಯಕ್ಕಿಂತ ಮಿಗಿಲಾದ ಕಾರಣವೂ ಇದೆ: ಹೊರಗಿನವರು ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ಭರವಸೆಯ ಮೇಲೆ ಆಕೆ ಆ ಮಾತುಗಳನ್ನು ಆಡಿದ್ದಾಳೆ. ಆ ಪ್ರತಿಯನ್ನು ಹಿಂದಿರುಗಿಸಿ, ಅದರಿಂದ ಎತ್ತಿಕೊಂಡ ವಾಕ್ಯಗಳನ್ನು ತೆಗೆದುಹಾಕಿ.

ಅತ್ಯಾಚಾರದ ದೃಶ್ಯವನ್ನೂ ತೆಗೆಯಿರಿ. ನೀವು ಎಷ್ಟೇ ಮರುಕದಿಂದ ಬರೆದರೂ ಕ್ಯಾಮೆರಾ ಅಲ್ಲಿಗೆ ಹೋದೊಡನೆ ನೋಡುವವನ ಕಣ್ಣು ಆರೋಪಿಯ ಕಣ್ಣಾಗುತ್ತದೆ. 2012ರ ದೆಹಲಿ ಪ್ರಕರಣವನ್ನು ಆಧರಿಸಿ 2019ರಲ್ಲಿ ಬಂದ ‘ಡೆಲ್ಲಿ ಕ್ರೈಂ’ ಸರಣಿ ಆ ಕೃತ್ಯವನ್ನು ತೋರಿಸದೆಯೇ ತನ್ನ ಕಥೆಯನ್ನು ನಡೆಸಿತು.

ಇನ್ನು ನ್ಯಾಯಾಲಯ. ನಿಮ್ಮ ದೃಶ್ಯದಲ್ಲಿ ಜನ ಕಿಕ್ಕಿರಿದಿದ್ದಾರೆ, ವಕೀಲರು ಆಕೆಯ ಮುಖದ ಮುಂದೆ ನಿಂತು ಅಬ್ಬರಿಸುತ್ತಾರೆ, ಆಕೆಯ ಹಿಂದಿನ ಸ್ನೇಹಗಳನ್ನು ಕೆದಕುತ್ತಾರೆ. ಆರೋಪಿ ಆಕೆಗೆ ಕಾಣದಂತೆ ಪರದೆ ಕಟ್ಟಬಹುದೆಂದೂ, ಘಟನೆಗೆ ಸಂಬಂಧಿಸಿದ ಪಾಟೀಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರಿಗೆ ಕೊಡಬೇಕೆಂದೂ ಸುಪ್ರೀಂ ಕೋರ್ಟ್ 2004ರಲ್ಲಿ ಸಾಕ್ಷಿ ಎಂಬ ಸಂಸ್ಥೆಯ ಅರ್ಜಿಯಲ್ಲಿ ಹೇಳಿತು. ಸಮ್ಮತಿಯನ್ನು ಸಾಬೀತುಪಡಿಸಲು ಆಕೆಯ ಹಿಂದಿನ ಲೈಂಗಿಕ ಅನುಭವವನ್ನು ಪ್ರಶ್ನಿಸುವಂತಿಲ್ಲವೆಂದು 2013ರ ತಿದ್ದುಪಡಿ ಸ್ಪಷ್ಟಪಡಿಸಿತು. ಇಷ್ಟಾದರೂ ಉಳಿಯುವ ಪ್ರಶ್ನೆಗಳಿವೆ: ಏಕೆ ಕೂಗಲಿಲ್ಲ, ಮೈಮೇಲೆ ಗಾಯವೇಕಿಲ್ಲ, ದೂರು ಕೊಡಲು ಇಷ್ಟು ದಿನ ಏಕೆ ಬೇಕಾಯಿತು. ಇವನ್ನು ಮೆಲುದನಿಯಲ್ಲಿ, ಮರ್ಯಾದೆಯಿಂದಲೇ ಕೇಳಬಹುದು, ಮತ್ತು ಆಕೆಯನ್ನು ಕುಗ್ಗಿಸುವುದು ಇವೇ. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವೆಸಗಿದ ಆರೋಪ ಹೊತ್ತಿದ್ದ ಇಬ್ಬರು ಪೊಲೀಸರನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಬಿಡುಗಡೆ ಮಾಡಿದಾಗ ಆಧಾರವಾದದ್ದೂ ಗಾಯದ ಗುರುತಿಲ್ಲ ಎಂಬಂಥ ತರ್ಕವೇ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಆ ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ಅಲ್ಲಿಂದ ಎದ್ದ ಚಳವಳಿಯ ಒತ್ತಾಯಕ್ಕೆ 1983ರ ತಿದ್ದುಪಡಿ ಬಂತು. ಗುರುತನ್ನು ಕಾಯುವ ಕಲಮೂ, ಮುಚ್ಚಿದ ಬಾಗಿಲೂ ಬಂದದ್ದು ಆ ತಿದ್ದುಪಡಿಯಿಂದಲೇ. ಆದ್ದರಿಂದ ತೀರ್ಪಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಕೊನೆಯ ಸತ್ಯವೆಂದು ಪಾತ್ರಗಳ ಬಾಯಲ್ಲಿ ಇಡಬೇಡಿ. ಬಿಡುಗಡೆಯಾದ ಆರೋಪಿಯನ್ನು ಗುರುತು ಸಿಗುವಂತೆ ತೋರಿಸಿ ತಪ್ಪಿತಸ್ಥನೆಂದು ಸಾರುವ ಹಕ್ಕೂ ನಮಗಿಲ್ಲ.

ಅಬ್ಬರವನ್ನು ತೆಗೆದ ಮೇಲೆ ನಾಟಕವೇ ಉಳಿಯುವುದಿಲ್ಲ ಎಂಬ ಭಯ ಬೇಡ. ಮುಂದೂಡಿಕೆಯ ದಿನಗಳಂದು ಶಿವಮೊಗ್ಗದ ನ್ಯಾಯಾಲಯಕ್ಕೆ ಬಂದು ಕಾದು, ಸಂಜೆಯ ಬಸ್ಸಿಗೆ ಓಡುವ ತಾಯಿ ಮಗಳು. ಸಾಕ್ಷಿ ಹೇಳಲು ಬಂದು ಮಾತು ತಿರುಗಿಸುವ ನೆರೆಯವನು. ರಾಜಿ ಮಾಡಿಸಲು ಮನೆಗೆ ಬಂದು ಕಾಫಿ ಕುಡಿದು ಹೋಗುವ ಊರ ಹಿರಿಯರು. ಇವನ್ನು ಬರೆಯಿರಿ, ಕಂತುಗಳು ತಾವಾಗಿಯೇ ತುಂಬುತ್ತವೆ.

ಎಲ್ಲಕ್ಕೂ ಮೊದಲು ಆಕೆಯ ವಕೀಲರ ಮೂಲಕ ಆಕೆಯನ್ನು ಕೇಳಿಸಿ. ನೇರವಾಗಿ ಮನೆಗೆ ಹೋಗಬೇಡಿ. ಒಪ್ಪಿದರೆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಚಿತ್ರಕಥೆಯನ್ನು ಓದಿ ಬೇಡವೆನ್ನುವ ಅವಕಾಶವನ್ನೂ ಉಳಿಸಿ. ಬೇಡವೆಂದರೆ ಈ ಪ್ರಕರಣವನ್ನು ಪೂರ್ತಿಯಾಗಿ ಕೈಬಿಟ್ಟು ಕಲ್ಪಿತ ವಿಚಾರಣೆಯೊಂದನ್ನು ಬರೆಯಿರಿ. ಆ ಕರಡನ್ನೂ ಕಳುಹಿಸಿ, ಓದುತ್ತೇನೆ.

ಇತಿ ನಿಮ್ಮ ಹಿತೈಷಿ