ಮುಡಿ ಕಾದ ಎಲ್ಲರಿಗೂ

ಜನವರಿ 31ಕ್ಕೆ ಮಂಡ್ಯ ಖಜಾನೆಯಿಂದ ರಿಟೈರ್ ಆದೆ, ಈ ಥ್ಯಾಂಕ್ಸ್ ಆಗ್ಲೇ ಬರೀಬೇಕಿತ್ತು, ಆದ್ರೆ ವೈರಮುಡಿ ಉತ್ಸವ ಮುಗೀಲಿ ಅಂತ ಕಾಯ್ತಿದ್ದೆ. ಮುಗೀತು, ನಿನ್ನೆ ಮೇಲುಕೋಟೆಯಿಂದ ಬಂದೆ.

ಅಲ್ಲಿನ ಚೆಲುವನಾರಾಯಣಸ್ವಾಮಿಯ ವೈರಮುಡಿ, ರಾಜಮುಡಿ ಅನ್ನೋ ಎರಡು ಕಿರೀಟನೂ ವರ್ಷ ಪೂರ್ತಿ ಇರೋದು ನಮ್ಮ ಖಜಾನೆಲೇ. ವೈರಮುಡಿ ಗರುಡ ತಂದಿದ್ದು ಅಂತ ನಂಬಿಕೆ, ರಾಜಮುಡಿ ಮಾತ್ರ ರಾಜ ಒಡೆಯರು ಕೊಟ್ಟಿದ್ದು, 1610ರಲ್ಲಿ ಶ್ರೀರಂಗಪಟ್ಟಣ ತಗೊಂಡು ದಸರಾ ಶುರು ಮಾಡಿದ್ರಲ್ಲ ಅದೇ ದೊರೆ. ಅಂಥಾ ದೊರೆ ದೇವರ ತಲೆಗೆ ಅಂತ ಕೊಟ್ಟ ಕಿರೀಟನ ಕಾಯೋ ಕೆಲಸದಲ್ಲಿ ನನ್ನಂಥವನಿಗೂ ಒಂದು ಪಾಲು ಸಿಕ್ತು ಅಂದ್ರೆ ಅದು ಪುಣ್ಯನೇ.

ಸ್ಟ್ರಾಂಗ್ ರೂಮ್ ಕೀ ಒಬ್ರ ಕೈಲೇ ಇರಲ್ಲ, ಇಬ್ರೂ ಬಂದು ನಿಂತ್ರೇನೆ ಬಾಗ್ಲು ತೆಗ್ಯೋದು. ಕೆಲಸದಲ್ಲಿದ್ದಷ್ಟು ವರ್ಷ ನಾನು ನೋಡಿದ್ದು ತಿರುವಾಭರಣ ಪೆಟ್ಟಿಗೆ, ಅಂದ್ರೆ ದೇವರ ಒಡವೆ ಪೆಟ್ಟಿಗೆ ಮಾತ್ರ, ಒಳಗಿರೋದನ್ನ ಒಂದ್ಸಲನೂ ನೋಡಿರ್ಲಿಲ್ಲ. ಉತ್ಸವದ ದಿನ ಬೆಳಿಗ್ಗೆ ಪೂಜೆ ಆಗಿ, ಪೊಲೀಸ್ ಕಾವಲಲ್ಲಿ ಗಾಡಿ ಹೊರಟ ಮೇಲೆ ಬಾಗ್ಲು ಹಾಕ್ಕೊಂಡು ಮತ್ತೆ ಪಿಂಚಣಿ ಬಿಲ್ಲು ಮುಂದೆ ಕೂರೋದು, ಅಷ್ಟೇ.

ಎರಡು ವರ್ಷದ ಹಿಂದೆ ಉತ್ಸವಕ್ಕೆ ಒಂಬತ್ತು ದಿನ ಇದ್ದಾಗ ನಂಗೆ ಬೈಪಾಸ್ ಆಯ್ತು. ಆಗ ನನ್ನ ಕೆಲಸನೂ ಹೆಗಲಿಗೆ ಹಾಕ್ಕೊಂಡ ಗೆಳೆಯ ತನ್ನ ಮಗಳ ನಿಶ್ಚಿತಾರ್ಥನ ಮುಂದಕ್ಕೆ ಹಾಕಿದ್ದು ನಂಗೆ ಗೊತ್ತಾಗಿದ್ದೇ ಆರು ತಿಂಗಳಾದ ಮೇಲೆ. ಪೆಟ್ಟಿಗೆ ಹೊರಟ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ "ಅಣ್ಣಾ, ಹೊರಡ್ತು, ನೀನು ಮಲ್ಕೋ" ಅಂದ. ಅವನಿಗೆ ಏನಂತ ಥ್ಯಾಂಕ್ಸ್ ಹೇಳ್ಲಿ.

ರಾತ್ರಿಯೆಲ್ಲಾ ಬಂದೂಕು ಹಿಡ್ಕೊಂಡು ನಿಂತಿರ್ತಿದ್ದ ಗಾರ್ಡ್‌ಗಳಿಗೆ, ದೇವಸ್ಥಾನದ ಸ್ಥಾನೀಕರಿಗೆ, ದಾರಿ ಉದ್ದಕ್ಕೂ ಹಸಿರು ತೋರಣ ಕಟ್ಟಿ ಪೆಟ್ಟಿಗೆಗೇ ಆರತಿ ಎತ್ತಿ ಪಾನಕ ಹಂಚೋ ಊರಿನವ್ರಿಗೆ, ಹಬ್ಬದ ದಿನನೂ ನನ್ನನ್ನ ಮನೇಲಿ ಕಾಣ್ದೇ ಸುಮ್ನಿದ್ದ ನನ್ನ ಹೆಂಡ್ತಿಗೆ, ಎಲ್ರಿಗೂ ಕೈ ಮುಗೀತೀನಿ.

ಈ ಸಲ ಅವಳ್ನ ಕರ್ಕೊಂಡು ಜನದ ಮಧ್ಯೆ ನಿಂತಿದ್ದೆ. ಮುಡಿಸೋಕೆ ಮುಂಚೆ ವೈರಮುಡಿನ ಬರಿಗಣ್ಣಲ್ಲಿ ನೋಡಬಾರ್ದು ಅಂತ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಕೊಂಡೇ ಸ್ವಾಮಿಗೆ ಮುಡಿಸೋದು. ಆಮೇಲೆ ಅದನ್ನ ಇಳಿಸಿ ರಾಜಮುಡಿ ಇಟ್ರು, ದೀಪದ ಬೆಳಕಿಗೆ ಕೆಂಪು ಕಲ್ಲು ಒಂದು ಮಿಣುಕ್ ಅಂತು, ಅವಳು ನನ್ನ ತೋಳು ಹಿಡ್ಕೊಂಡು "ಇದೇನಾ ರೀ ನಿಮ್ ಪೆಟ್ಟಿಗೇಲಿದ್ದಿದ್ದು" ಅಂದ್ಲು.