ಹೊಳೆಯ ಎರಡು ದಂಡೆ, ಎರಡು ದಫ್ತರ

ಇಂಗ್ಲಿಷರ ಕಾಲದಲ್ಲಿ ತುಂಗಭದ್ರೆಯ ಬಲದಂಡೆ ಮದ್ರಾಸಿಗೆ, ಎಡದಂಡೆ ನಿಜಾಮರ ಹೈದರಾಬಾದಿಗೆ ಸೇರಿತ್ತು. ರಾಜ್ಯೋತ್ಸವದ ಸಂಚಿಕೆಯಲ್ಲಿ ಈ ಗೆರೆಯ ಮಾತು ಬಾರದೆ ಹೋಗದು. ಅದನ್ನು ಎಳೆಸಿದ್ದು ಸಿಪಾಯಿಗಳ ಸಂಬಳ.

ಕಂಪನಿಯ ಪಡೆಯ ಖರ್ಚಿಗೆಂದು ನಿಜಾಮರು 1800ರಲ್ಲಿ ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟರು. ಇನ್ನೊಂದು ಪಡೆಯ ಸಂಬಳದ ಬಾಕಿ ಬೆಳೆದು, 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬೇರಾರಿನ ಜತೆ ರಾಯಚೂರು ದೋಆಬನ್ನೂ, ಅಂದರೆ ಕೃಷ್ಣಾ ತುಂಗಭದ್ರೆಯರ ನಡುವಿನ ಸೀಮೆಯನ್ನೂ, ತೆಗೆದುಕೊಂಡ. ಅಡವು ಎಂದೇ ಅನ್ನಿ. 1857ರ ದಂಗೆಯಲ್ಲಿ ನಿಜಾಮರು ಇಂಗ್ಲಿಷರ ಕಡೆ ನಿಂತದ್ದಕ್ಕೆ 1860ರಲ್ಲಿ ದೋಆಬ್ ವಾಪಸ್, ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ. ತಿರುಗಿಬಿದ್ದಿದ್ದ ಸುರಪುರದ ಸೀಮೆ ಮೇಲಿನ ಬಕ್ಷೀಸು. ಕೊಪ್ಪಳದ ಕೋಟೆಯಲ್ಲಿ ಬಂಡಾಯಗಾರ ಮುಂಡರಗಿ ಭೀಮರಾಯ ಪ್ರಾಣ ಬಿಟ್ಟು ಆಗಿನ್ನೂ ಎರಡು ವರ್ಷ.

ಬಾಸ್ಟನ್ನಿನ ಚಹಾ ಪೆಟ್ಟಿಗೆಗಳ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. 1773ರಲ್ಲಿ ಸುಂಕ ಪೌಂಡಿಗೆ 3 ಪೆನ್ಸ್, ಚಹಾ ಅಗ್ಗವೇ ಆಗಿತ್ತು; ತಕರಾರೆಲ್ಲ ಸುಂಕ ಹಾಕುವ ಹಕ್ಕು ಯಾರದು ಎಂಬುದಕ್ಕೆ. ಜಗಳ ತೆಗೆಯಲು ಅಮೆರಿಕದ ಆ ವಸಾಹತಿನವರಿಗೆ ಸ್ವಂತ ಸಭೆಗಳಿದ್ದವು. ಬಳ್ಳಾರಿಯ ರೈತ ಪಕ್ಷಗಾರನೇ ಅಲ್ಲ. ಅವನ ಹೊಟ್ಟೆಯ ಲೆಕ್ಕಕ್ಕೆ ಕಚ್ಚಾಡಿದವರು ಇಬ್ಬರು ಸಾಹೇಬರು.

1877ರ ಜನವರಿ, ಬರ. ಖರ್ಚು ಬಿಗಿಮಾಡಲು ಕಲ್ಕತ್ತೆಯಿಂದ ಬಂದ ರಿಚರ್ಡ್ ಟೆಂಪಲ್ ಪರಿಹಾರದ ಕೆಲಸಗಾರನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆಗೆ, ಮೇಲೆ ಉಪ್ಪುಖಾರಕ್ಕೆ ಚಿಲ್ಲರೆಗೆ ಇಳಿಸಿದ. ಒಂದು ಪೌಂಡ್ ಎಂದರೆ 454 ಗ್ರಾಂ, ಅರ್ಧ ಸೇರಿಗೂ ತುಸು ಕಡಿಮೆ. ಬೀಸಿ, ಜರಡಿ ಹಿಡಿದು ರೊಟ್ಟಿ ತಟ್ಟುವಷ್ಟರಲ್ಲಿ ಇನ್ನಷ್ಟು ಸೋರುತ್ತದೆ. ಅಷ್ಟು ತಿಂದು ದಿನವಿಡೀ ಮಣ್ಣು ಹೊರಬೇಕು, ಮನೆಯಲ್ಲಿ ಕೂತ ಮುದುಕರಿಗೂ ಅದರಲ್ಲೇ ಪಾಲು. ಮದ್ರಾಸಿನ ಸ್ಯಾನಿಟರಿ ಕಮಿಷನರ್, ಎಂದರೆ ಆರೋಗ್ಯದ ಮೇಲಧಿಕಾರಿ, ಕಾರ್ನಿಷ್ ಜೈಲಿನ ಪಡಿಯನ್ನು ಮುಂದಿಟ್ಟು ಇದು ಸಾಲದೆಂದ. ಮೇ ಹೊತ್ತಿಗೆ ಕೂಲಿ ಏರಿತು. ಅಷ್ಟರಲ್ಲಿ ತಿಂಗಳುಗಳೇ ಉರುಳಿದ್ದವು. 1881ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನ ಹತ್ತು ವರ್ಷದ ಹಿಂದಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ.

ಮನೆತನದ ಕಾಗದಪತ್ರ ಹುಡುಕುವವರಿಗೆ: ಬಳ್ಳಾರಿಯವರು ಮೊದಲು ಚೆನ್ನೈ ಪತ್ರಾಗಾರಕ್ಕೆ ಬರೆಯಿರಿ, ರಾಯಚೂರು, ಕೊಪ್ಪಳದವರು ಹೈದರಾಬಾದಿಗೆ. ಅಲ್ಲಿ 1880ರ ದಶಕದ ತನಕ ಸರ್ಕಾರಿ ಬರಹ ಫಾರಸಿ, ಆಮೇಲೆ ಉರ್ದು. ಓದುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕೊಪ್ಪಳ ನಿಜಾಮರ ದಿವಾನ ಸಾಲಾರ್ ಜಂಗರ ಜಹಗೀರಾಗಿತ್ತು, ಅದರ ಲೆಕ್ಕ ಬೇರೆಯೇ ಕೇಳಬೇಕು. 1853ರಿಂದ 1860ರವರೆಗಿನ ದೋಆಬಿನ ಪತ್ರ ನಿಜಾಮರ ಕಟ್ಟಿನಲ್ಲಿ ಸಿಗದಿದ್ದರೆ ಗಾಬರಿ ಬೇಡ, ಆ ಏಳು ವರ್ಷ ಊರು ಇಂಗ್ಲಿಷರ ಕೈಯಲ್ಲಿತ್ತು.